ವಾಂತಿಭೇದಿಯ ಲೆಕ್ಕ

ವಾಂತಿಭೇದಿಯನ್ನು ಕುರಿತು ಕಾಲೇಜಿನ ಸಂಚಿಕೆಗೆ ಬರೆಯುತ್ತೇನೆಂದಾಗ ಗೆಳೆಯರು ಮೂಗು ಮುರಿದರು. ಆ ಮೂಗು ಮುರಿಯುವುದೇ ನನ್ನ ಲೇಖನದ ವಿಷಯ ಎಂದೆ.

ಕಳೆದ ಮಳೆಗಾಲದಲ್ಲಿ ಸೋಗಾನೆಯ ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಒಂದೇ ವಾರದಲ್ಲಿ ಹಾಸಿಗೆ ಹಿಡಿದರು. ನಮ್ಮ ಮನೆಯಲ್ಲಿ ಅಮ್ಮ. ಹೊಸ ನೀರು ಒಗ್ಗಲಿಲ್ಲವೆಂದು ಒಬ್ಬರು, ತಿಥಿಯೂಟದ ಪಾಯಸವೆಂದು ಮತ್ತೊಬ್ಬರು. ಔಷಧದಂಗಡಿಯ ಮಾತ್ರೆ ನುಂಗಿದರು. ಗುಣವೂ ಆಯಿತು, ಪುಣ್ಯ. ಆದರೆ ಆ ಕಾಯಿಲೆ ಯಾವ ಕಾಗದಕ್ಕೂ ಏರಲಿಲ್ಲ. ಏರಿಸಬೇಕೆಂದು, ಮನೆಯಲ್ಲಿ ಓದಿದವನೆನಿಸಿಕೊಂಡ ನನಗೂ ತೋಚಲಿಲ್ಲ. ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು ಎಂದು ನಮ್ಮ ಬೀದಿಯ ಹುಡುಗರು ಥಟ್ಟನೆ ಹೇಳುತ್ತಾರೆ. ಭೇದಿ ಮೊದಲು ಯಾರ ಮನೆಯಲ್ಲಿ, ಯಾವ ದಿನ ಕಾಣಿಸಿಕೊಂಡಿತೆಂದು ಹೇಳಬಲ್ಲವರಿಲ್ಲ.

ಲೆಕ್ಕ ಬರೆದರೆ ರೋಗ ವಾಸಿಯಾದೀತೆ ಎಂದು ಕೇಳುವವರುಂಟು. 1854ರಲ್ಲಿ ಲಂಡನ್ನಿನ ಸೋಹೋ ಭಾಗದಲ್ಲಿ ಕಾಲರಾ ಹರಡಿದಾಗ ಡಾಕ್ಟರ್ ಜಾನ್ ಸ್ನೋ ಮರಣಗಳನ್ನು ದಾಖಲಿಸುವ ಕಛೇರಿಯಿಂದ ಸತ್ತವರ ಪಟ್ಟಿ ಪಡೆದರು. ಮನೆಮನೆಗೆ ನಡೆದು ವಿಚಾರಿಸಿದರು. ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಒಂದೇ ಪಂಪಿನ ಆಸುಪಾಸಿನವರು! ಪಂಪಿನ ಹಿಡಿಯನ್ನು ಕಳಚಲಾಯಿತು. ರಾಬರ್ಟ್ ಕಾಕ್ ಕಾಲರಾದ ಕ್ರಿಮಿಯನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಅದಕ್ಕೆ ಸುಮಾರು ಮೂವತ್ತು ವರ್ಷಗಳ ತರುವಾಯ.

ನಮ್ಮಲ್ಲಿಯೂ ಏರ್ಪಾಡು ಇಲ್ಲದಿಲ್ಲ. 2004ರಲ್ಲಿ ಆರಂಭವಾದ ಸಮಗ್ರ ರೋಗ ಸರ್ವೇಕ್ಷಣೆಯ ಯೋಜನೆಯಂತೆ ಆರೋಗ್ಯ ಕಾರ್ಯಕರ್ತೆ ಕಂಡ ಲಕ್ಷಣವನ್ನೂ, ವೈದ್ಯರು ತಮ್ಮ ಸಂಶಯವನ್ನೂ, ಪ್ರಯೋಗಾಲಯದವರು ಖಚಿತವಾದದ್ದನ್ನೂ ಬೇರೆ ಬೇರೆ ನಮೂನೆಗಳಲ್ಲಿ ತಿಳಿಸಬೇಕು. ಅಂಗಡಿಯ ಮಾತ್ರೆಗೆ ಮಾತ್ರ ನಮೂನೆಯಿಲ್ಲ. ಆಂಟಿಬಯಾಟಿಕ್ ನುಂಗಿದ ಮೇಲೆ ಮಲಪರೀಕ್ಷೆ ಮಾಡಿದರೆ ಕ್ರಿಮಿ ಸಿಕ್ಕುವುದೂ ಕಷ್ಟ. ಹೀಗೆ ಕಾಲರಾವೇ ಬಂದರೂ 'ಹೊಟ್ಟೆ ಕೆಟ್ಟಿತ್ತು' ಎಂಬ ಹೆಸರಿನಲ್ಲಿ ಬಂದು ಹೋದೀತು. ಹಾಸ್ಟೆಲಿನಲ್ಲಿ ಹತ್ತು ಮಂದಿಗೆ ಹೊಟ್ಟೆ ಕೆಟ್ಟರೆ ನಗೆಯಾಡಿ ಮುಗಿಸುವ ನಾವು ಇದರಲ್ಲಿ ಪಾಲುಗಾರರಲ್ಲವೆ?

ನಮ್ಮ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟಿನಲ್ಲಿ ಕಲುಷಿತವಾದ ನೀರು ಕುಡಿದು ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಆಗ ನಾಡೆಲ್ಲ ಆ ಹೆಸರನ್ನು ಕೇಳಿತು. ನಾಲ್ಕೇ ಮನೆಗಳ ಭೇದಿಯನ್ನು ಕೇಳುವವರು ಯಾರು? ಹೇಳಿದರೆ ತಾನೆ ಕೇಳುವುದು!

ಈ ಸಲ ಅಮ್ಮನಿಗೆ ಹೇಳಿಟ್ಟಿದ್ದೇನೆ: ಮೊದಲು ಓಆರ್‌ಎಸ್ ನೀರು, ಒಡನೆಯೇ ಆಶಾ ಕಾರ್ಯಕರ್ತೆಗೆ ಸುದ್ದಿ.

"ಮನೆಯ ಭೇದಿಯನ್ನು ಬೀದಿಗೆ ಹಾಕಬೇಕೇನೋ?" ಎಂದು ಆಕೆ ನಕ್ಕಳು.

"ಹಾಕಬೇಕಮ್ಮ" ಎಂದೆ.