ಬ್ರೆಡ್ ತಿನ್ನದ ಮನೆಗಳಿಗೆ ಮಲ್ಟಿವಿಟಮಿನ್
ದಿನಕ್ಕೊಂದು ಮಲ್ಟಿವಿಟಮಿನ್ ಮಾತ್ರೆ, ಅಂದರೆ ಹಲವು ಜೀವಸತ್ವಗಳನ್ನೂ ಖನಿಜಾಂಶಗಳನ್ನೂ ಒಟ್ಟಿಗೆ ಬೆರೆಸಿದ ಗುಳಿಗೆ, ಎಲ್ಲರಿಗೂ ಬೇಕೇ ಎಂಬ ಪ್ರಶ್ನೆಗಿಂತ, ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಯಾವ ಕೊರತೆಯನ್ನು ಅದು ನೀಗಬಲ್ಲದು ಎಂಬುದೇ ಹೆಚ್ಚು ಉಪಯುಕ್ತವಾದ ಪ್ರಶ್ನೆ. ಗರ್ಭಸ್ಥ ಶಿಶುವಿನ ಬೆನ್ನುಹುರಿಯ ದೋಷಗಳನ್ನು ತಡೆಯಲು ನೆರವಾಗುವ ಫೋಲಿಕ್ ಆಮ್ಲವನ್ನು ಬ್ರೆಡ್ ತಯಾರಿಸುವ ಗೋಧಿ ಹಿಟ್ಟಿಗೆ ಬೆರೆಸುವುದನ್ನೂ, ಬ್ರೆಡ್ಡಿಗೆ ಅಯೋಡಿನ್‌ಯುಕ್ತ ಉಪ್ಪನ್ನೇ ಬಳಸುವುದನ್ನೂ ಆಸ್ಟ್ರೇಲಿಯ 2009ರಲ್ಲಿ ಕಡ್ಡಾಯಗೊಳಿಸಿತು. ಆದರೆ ಅನ್ನ, ಮುದ್ದೆ, ಚಪಾತಿಗಳೇ ಮುಖ್ಯ ಆಹಾರವಾದ ಮನೆಗಳಿಗೆ ಈ ಏರ್ಪಾಡು ಅಷ್ಟಾಗಿ ತಲುಪುವುದಿಲ್ಲ, ಮೇಲಾಗಿ ಅಲ್ಲಿ ಅಂಗಡಿಯಲ್ಲಿ ಸಿಗುವ ಉಪ್ಪೆಲ್ಲ ಭಾರತದಂತೆ ಅಯೋಡಿನ್‌ಯುಕ್ತವಾಗಿರಬೇಕೆಂಬ ನಿಯಮವಿಲ್ಲ. ಗರ್ಭಿಣಿಯರಿಗೂ ಹಾಲೂಡಿಸುವ ತಾಯಂದಿರಿಗೂ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಮಾತ್ರೆಯ ರೂಪದಲ್ಲಿ ಬೇಕೆಂದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಸಲಹೆ ಮಾಡಿರುವುದರಿಂದ, ಈ ಮನೆಗಳ ಯುವತಿಯರು ಮಾತ್ರೆಯ ಡಬ್ಬಿಯ ಮೇಲಿನ ಪಟ್ಟಿಯನ್ನು ಗಮನವಿಟ್ಟು ಓದಲೇಬೇಕು. ರಕ್ತಕಣಗಳಿಗೂ ನರಗಳಿಗೂ ಅಗತ್ಯವಾದ ಬಿ12 ಸಸ್ಯಾಹಾರಿಗಳಿಗೆ ಬಹುಮಟ್ಟಿಗೆ ಹಾಲು, ಮೊಸರುಗಳಿಂದಷ್ಟೇ ದೊರೆಯುತ್ತದೆ. ಇನ್ನು ಬಿಸಿಲಿನಿಂದ ಚರ್ಮದಲ್ಲಿ ಉತ್ಪತ್ತಿಯಾಗುವ ಡಿ ಜೀವಸತ್ವ, ಸುಮಾರು 38 ಡಿಗ್ರಿ ದಕ್ಷಿಣ ಅಕ್ಷಾಂಶದ ಮೆಲ್ಬರ್ನಿನ ಚಳಿಗಾಲದಲ್ಲಿ, ಅದರಲ್ಲೂ ಕಪ್ಪು ಚರ್ಮದವರಿಗೆ, ಸಾಲದೆ ಹೋಗುವುದು ಸಹಜ. ಇಂಥ ಸಣ್ಣ ಕೊರತೆಗಳಿಗೆ ಮಲ್ಟಿವಿಟಮಿನ್ ಒತ್ತಾಸೆಯಾದೀತು, ಆದರೆ ಕೊರತೆ ಆಗಲೇ ತೀವ್ರವಾಗಿದ್ದರೆ ರಕ್ತಪರೀಕ್ಷೆಯೂ ವೈದ್ಯರು ಸೂಚಿಸುವ ಪ್ರತ್ಯೇಕ ಔಷಧವೂ ಬೇಕು. ಎರಡು ಮೂರು ಬಗೆಯ ಗುಳಿಗೆಗಳನ್ನು ಒಟ್ಟಿಗೆ ನುಂಗುವವರಲ್ಲಿ ಬಿ6 ಮಿತಿಮೀರಿ ಕೈಕಾಲುಗಳ ನರಗಳಿಗೆ ಹಾನಿಯಾಗುವ ಅಪಾಯವೂ ಉಂಟು.