ಗಾಡಿ ಹತ್ತಿ ದಾರಿ ತೋರಿಸಿದವನು

ಮೊನ್ನೆ ಒಂಬತ್ತನೇ ತರಗತಿಯಲ್ಲಿ ಲಸಿಕೆಯ ವಿಷಯ ಹೇಳುತ್ತಿದ್ದೆ. ಆಂಬುಲೆನ್ಸ್ ಡ್ರೈವರೊಬ್ಬರ ಮಗ ಎದ್ದು ನಿಂತ. ‘ನಮ್ಮಪ್ಪ ಹೆಪಟೈಟಿಸ್ ಬಿ ಸೂಜಿ ಹಾಕಿಸಿಕೊಂಡೇ ಇಲ್ಲ ಸಾರ್. ಇಷ್ಟು ವರ್ಷ ಪೇಷಂಟುಗಳ ಜೊತೆಗಿದ್ದೂ ಏನೂ ಆಗಿಲ್ಲ, ಈಗ್ಯಾಕೆ ಅಂತಾರೆ.’ ಹುಡುಗರು ನಕ್ಕರು. ನಾನು ಅಂಗಿಯ ತೋಳು ಮಡಿಸಿ, ಚಿಕ್ಕಂದಿನಲ್ಲಿ ಸಿಡುಬಿಗೆ ದಾಕು ಹಾಕಿಸಿದ ಗುಂಡನೆಯ ಕಲೆ ತೋರಿಸಿದೆ. (ಐವತ್ತು ದಾಟಿದ ಪೋಷಕರು ತಮ್ಮ ತೋಳನ್ನೂ ಒಮ್ಮೆ ನೋಡಿಕೊಳ್ಳಬಹುದು.) ಆಮೇಲೆ ಒಬ್ಬ ಅಡುಗೆಯವನ ಕಥೆ ಹೇಳಿದೆ.

ಅವನ ಹೆಸರು ಅಲಿ ಮಾವ್ ಮಾಲಿನ್. ಸೊಮಾಲಿಯಾದ ಮೆರ್ಕಾ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ. 1977ರ ಅಕ್ಟೋಬರಿನಲ್ಲಿ ಸಿಡುಬು ತಗುಲಿದ್ದ ಇಬ್ಬರು ಮಕ್ಕಳನ್ನು ಹೊತ್ತು ಬಂದ ವಾಹನಕ್ಕೆ ದಾರಿ ಗೊತ್ತಾಗಲಿಲ್ಲ. ಉಪಕಾರಕ್ಕೆಂದು ಈತ ಅದರಲ್ಲಿ ಹತ್ತಿ ದಾರಿ ತೋರಿಸಿದ. ಕೆಲವೇ ನಿಮಿಷಗಳ ಪ್ರಯಾಣ. ಸುಮಾರು ಎರಡು ವಾರದ ನಂತರ ಮೈಮೇಲೆ ಗುಳ್ಳೆ ಎದ್ದಿತು. ತಮಾಷೆಯೆಂದರೆ ಈತ ಹಿಂದೆ ಸಿಡುಬು ನಿರ್ಮೂಲನದ ಕೆಲಸದಲ್ಲಿ ಇತರರಿಗೆ ಲಸಿಕೆ ಹಾಕಿದವನು! ತಾನು ಮಾತ್ರ ನೋವಿಗೆ ಹೆದರಿ ತಪ್ಪಿಸಿಕೊಂಡಿದ್ದ. ಅದನ್ನು ಮುಂದೆ ತಾನೇ ಹೇಳಿಕೊಂಡ. ಅವನಿಂದ ರೋಗ ಹರಡದಿರಲೆಂದು ಆ ಊರು ಮತ್ತು ಸುತ್ತಮುತ್ತಲಿನ 50 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಬೇಕಾಯಿತು. ಅದೃಷ್ಟಕ್ಕೆ ಸೌಮ್ಯ ಬಗೆಯ ಸಿಡುಬು, ಬದುಕಿಕೊಂಡ. ಸಹಜವಾಗಿ ಸಿಡುಬು ತಗುಲಿದವರಲ್ಲಿ ಜಗತ್ತಿನ ಕೊನೆಯವನು ಆತನೇ.

ಹಾಗಾದರೆ ಬೇಡವೆನ್ನುವವರೆಲ್ಲ ಹೆದರುಪುಕ್ಕಲರೇ? ಅವಸರದ ತೀರ್ಮಾನ ಬೇಡ. ಅದೇ ರೋಗದ ಇನ್ನೊಂದು ಪ್ರಸಂಗ ನೋಡಿ. ಭಯೋತ್ಪಾದಕರು ಸಿಡುಬಿನ ವೈರಸ್ಸನ್ನು ಆಯುಧವಾಗಿ ಬಳಸಿಯಾರೆಂಬ ಭಯದಿಂದ ಅಮೆರಿಕ ಸರ್ಕಾರ 2002ರ ಡಿಸೆಂಬರಿನಲ್ಲಿ ಒಂದು ಯೋಜನೆ ಹೂಡಿತು. ಮೊದಲು ಸುಮಾರು 5 ಲಕ್ಷ ಆಸ್ಪತ್ರೆ ಮತ್ತು ಆರೋಗ್ಯ ಇಲಾಖೆ ಸಿಬ್ಬಂದಿಗೆ, ನಂತರ ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸಿನವರು ಎಲ್ಲ ಸೇರಿ 1 ಕೋಟಿಯವರೆಗೆ ಲಸಿಕೆ. ಬಲವಂತವಿಲ್ಲ. 2003ರ ಕೊನೆಗೆ ಮುಂದೆ ಬಂದವರು ಸುಮಾರು 40 ಸಾವಿರ ಮಾತ್ರ.

ಬೆಂಕಿಯೊಳಗೆ ನುಗ್ಗುವವರು ಸೂಜಿಗೆ ಹೆದರಿದರೆಂದು ನಾನು ಹೇಳಲಾರೆ. ಆ ಲಸಿಕೆಯಲ್ಲಿ ಇದ್ದದ್ದು ಜೀವಂತ ವೈರಸ್. ಸಿಡುಬಿನದ್ದಲ್ಲ, ಅದರ ದಾಯಾದಿಯದ್ದು. ಚುಚ್ಚಿದ ಜಾಗದ ಹುಣ್ಣಿನಿಂದ ಅದು ಮನೆಯವರಿಗೂ ದಾಟಬಹುದು. ಮನೆಯಲ್ಲಿ ಎಕ್ಸಿಮಾ ಇರುವ ಮಗುವಿದ್ದರೆ ಅಪಾಯ. ಕೆಲವರಿಗೆ ಹೃದಯದ ಉರಿಯೂತವೂ ಆಯಿತು. ‘ನಾನು ಹಾಸಿಗೆ ಹಿಡಿದರೆ ಸಂಬಳ ಯಾರು ಕೊಡುತ್ತಾರೆ?’ ಎಂಬ ಪ್ರಶ್ನೆಗೆ ಮೊದಲು ಸರಿಯಾದ ಉತ್ತರವಿರಲಿಲ್ಲ. ಪರಿಹಾರದ ಕಾನೂನು ಬಂದದ್ದು ಏಪ್ರಿಲಿನಲ್ಲಿ. ಅತ್ತ ರೋಗವೋ, ಭೂಮಿಯ ಮೇಲೆಲ್ಲೂ ಇಲ್ಲ. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಮಾಲಿನ್ ಎದುರಿಗಾದರೋ ರೋಗ ಗಾಡಿಯಲ್ಲೇ ಕುಳಿತಿತ್ತು.

ಈಗ ನಮ್ಮ ಡ್ರೈವರ್ ಮಹಾಶಯರ ಲೆಕ್ಕ. ಹೆಪಟೈಟಿಸ್ ಬಿ ರಕ್ತದ ಮೂಲಕ ಹರಡುತ್ತದೆ. ಅಪಘಾತದ ಜಾಗದಲ್ಲಿ ಒಡೆದ ಗಾಜು, ಕೈಯಲ್ಲಿ ಒಂದು ಗೀರು, ಅಷ್ಟು ಸಾಕು. ಒಣಗಿದ ರಕ್ತದಲ್ಲೂ ವೈರಸ್ ಕನಿಷ್ಠ 7 ದಿನ ಬದುಕಿರಬಲ್ಲದು. ಇದರ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಯೀಸ್ಟ್‌ನಲ್ಲಿ ತಯಾರಿಸಿದ, ವೈರಸ್ಸಿನ ಹೊರಮೈಯ ಪ್ರೋಟೀನು ಮಾತ್ರ. ಇದರಿಂದ ಮನೆಯವರಿಗೆ ಏನೂ ದಾಟುವುದಿಲ್ಲ. ಇನ್ನು ‘ಏನೂ ಆಗಿಲ್ಲ’ ಎಂಬ ಮಾತು. ಈ ವೈರಸ್ ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಲಕ್ಷಣ ತೋರಿಸದೆ ಇದ್ದು ಯಕೃತ್ತನ್ನು ಕೆಡಿಸುತ್ತದೆ. ಆಗಿದೆಯೋ ಇಲ್ಲವೋ ಎಂದು ಹೇಳಬೇಕಾದದ್ದು ರಕ್ತಪರೀಕ್ಷೆ. ಅಮೆರಿಕದಲ್ಲಿ 1991ರ ನಿಯಮದ ಪ್ರಕಾರ, ಕೆಲಸದಲ್ಲಿ ರಕ್ತ ತಾಗುವವರಿಗೆ ಮಾಲೀಕರೇ ಈ ಲಸಿಕೆಯನ್ನು ಉಚಿತವಾಗಿ ಒದಗಿಸಬೇಕು. ಬೇಡವೆಂದವರು ಬರೆದು ಸಹಿ ಹಾಕಬೇಕು. ಮನಸ್ಸು ಬದಲಾದರೆ ಆಮೇಲೂ ಹಾಕಿಸಿಕೊಳ್ಳಬಹುದು. ಈ ಕೊನೆಯ ಮಾತು ನನಗೆ ತುಂಬ ಹಿಡಿಸಿತು.

ಮಾಲಿನ್ ಮನಸ್ಸೂ ಬದಲಾಯಿತು. ಮುಂದೆ ಪೋಲಿಯೊ ಲಸಿಕೆಯ ಕೆಲಸಕ್ಕೆ ಸೇರಿ, ಹಿಂಜರಿಯುವ ತಾಯಂದಿರಿಗೆ ತನ್ನ ಕಥೆಯನ್ನೇ ಹೇಳುತ್ತಿದ್ದ. 2013ರಲ್ಲಿ ಅದೇ ಕೆಲಸದಲ್ಲಿದ್ದಾಗ ಮಲೇರಿಯಾದಿಂದ ತೀರಿಕೊಂಡ.

ಮರುದಿನ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ‘ಎಷ್ಟು ಸಲ ಚುಚ್ಚಿಸಿಕೊಳ್ಳಬೇಕು ಅಂತ ಅಪ್ಪ ಕೇಳಿದ್ರು ಸಾರ್.’ ಮೂರು ಸಲ, ಈಗೊಮ್ಮೆ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.