ಹರಿದು ಹಾಕಬೇಡಿ

ಸಾವಿನ ಕಾಗದ ಬಂದರೆ ನಮ್ಮಮ್ಮ ಅದನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಜಗುಲಿಯಲ್ಲೇ ನನ್ನ ಕೈಲಿ ಓದಿಸಿ, ಚೂರು ಚೂರು ಮಾಡಿ ಬಚ್ಚಲ ಒಲೆಗೆ ಹಾಕಿ, ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದಳು. ಮೂಲೆಗಳಿಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳು ಮಾತ್ರ ದೇವರ ಗೂಡಿನಲ್ಲಿ ವರ್ಷಗಟ್ಟಲೆ ಇರುತ್ತಿದ್ದವು. 2003ರಲ್ಲಿ ಅಮ್ಮ ತೀರಿಕೊಂಡಳು. ಅವಳ ವೈಕುಂಠ ಸಮಾರಾಧನೆಗೆ ಇನ್ನೂರು ಕಾರ್ಡು ಅಚ್ಚು ಹಾಕಿಸಿದೆವು. ನೆಂಟರಿಷ್ಟರು ಅವನ್ನು ಓದಿ ಹರಿದರು. ಮಿಕ್ಕವನ್ನು ನಾವೇ ಒಲೆಗೆ ಹಾಕಿದೆವು.

ಇದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಆಗ ಅನಿಸಿರಲಿಲ್ಲ. ಅನಿಸಿದ್ದು 2019ರಲ್ಲಿ, ಮಗಳು ಹೆರಿಗೆಗೆ ಬಂದಾಗ. "ಹೆಣ್ಣಾದರೆ ನಿನ್ನ ಅಜ್ಜಿ ಹೆಸರಿಡೋಣಮ್ಮ, ಏನು ಅವರ ಹೆಸರು?" ಎಂದಳು. ನನ್ನ ತಾಯಿಯ ತಾಯಿ. ಬೇಸಿಗೆ ರಜದಲ್ಲಿ ಅವರ ಕೈತುತ್ತು ತಿಂದು ಬೆಳೆದವಳು ನಾನು. ಹೆಸರು ಬಾಯಿಗೆ ಬರಲಿಲ್ಲ. ನಮಗೆ ಅವರು ಅಜ್ಜಿ, ಊರಿಗೆ ಮೇಲಿನಮನೆ ಅಮ್ಮ, ತಾತನಿಗೆ "ಏ ಇವಳೇ". ಹೇಳಬಲ್ಲವರಾಗಿದ್ದ ಸೋದರಮಾವ ಹೋಗಿ ನಾಲ್ಕು ವರ್ಷವಾಗಿತ್ತು. ಇಪ್ಪತ್ತೈದು ವರ್ಷ ಮಕ್ಕಳಿಗೆ ಮೊಗಲ್ ದೊರೆಗಳ ಪಟ್ಟಿ ಬಾಯಿಪಾಠ ಮಾಡಿಸಿದ ಸಮಾಜವಿಜ್ಞಾನದ ಟೀಚರಿನ ಗತಿ ಇದು!

ಅಮ್ಮನ ಕಾರ್ಡಿಗೆ ಮಾವ ಹಟ ಹಿಡಿದು ಒಂದು ಸಾಲು ಸೇರಿಸಿದ್ದು ಆಗ ನೆನಪಾಯಿತು: ಇಂಥ ಊರಿನ ಇಂಥ ದಂಪತಿಗಳ ಪುತ್ರಿ ಎಂದು. ಆದರೆ ಕಾರ್ಡು? ಅಣ್ಣಂದಿರ ಮನೆಯಲ್ಲಿಲ್ಲ, ತಂಗಿಯ ಹತ್ತಿರವಿಲ್ಲ, ಮಾವನ ಮನೆಯಲ್ಲೂ ಇಲ್ಲ. ಕಡೆಗೆ ತಿಪಟೂರಿನಲ್ಲಿ ಅದನ್ನು ಅಚ್ಚು ಮಾಡಿದ ಪ್ರೆಸ್ಸಿಗೇ ಹೋದೆ. ವಯಸ್ಸಾದ ಯಜಮಾನರು ಅಟ್ಟದಿಂದ ದಪ್ಪನೆಯ ಪುಸ್ತಕವೊಂದನ್ನು ಇಳಿಸಿ ಧೂಳು ಹೊಡೆದರು. ಅಚ್ಚಾದ ಕಾರ್ಡುಗಳ ಒಂದೊಂದು ಪ್ರತಿಯನ್ನು ಗೋಂದಿನಿಂದ ಅಂಟಿಸಿದ ಮಾದರಿ ಪುಸ್ತಕ. "ಸಾವಿನ ಮನೆಯವರಿಗೆ ಮ್ಯಾಟರ್ ಬರೆಯೋ ಮನಸ್ಸು ಇರುತ್ತಾ ಟೀಚರಮ್ಮ? ಇದನ್ನ ತೋರಿಸಿದರೆ, ಇದೇ ಥರ ಹೆಸರು ಬದಲಾಯಿಸಿ ಹಾಕಿ ಅಂತಾರೆ" ಎಂದರು.

ಅಮ್ಮನನ್ನು ಹುಡುಕಲು ಹೋದವಳು ಸಂಜೆಯವರೆಗೂ ಏಳಲಿಲ್ಲ. ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಪುಣ್ಯತಿಥಿ, ಎಲ್ಲ ಜಾತಿಯವರೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ. ಕೊಬ್ಬರಿ ಮಂಡಿಯವರು ಯಾವ ಹಳ್ಳಿಯಿಂದ ಬಂದವರು, ಯಾರ ಮನೆಯ ಹುಡುಗ ಭದ್ರಾವತಿ ಕಾರ್ಖಾನೆ ಸೇರಿದ, ಯಾವ ಶಾನುಭೋಗರ ಮೊಮ್ಮಗ ಅಮೆರಿಕಕ್ಕೆ ಹೋದ, ಒಂದು ಕಾಲಕ್ಕೆ ಹತ್ತು ಮಕ್ಕಳ ಹೆಸರಿದ್ದಲ್ಲಿ ಈಚೆಗೆ ಎರಡೇ ಏಕೆ, ಎಲ್ಲವೂ ಅಲ್ಲಿತ್ತು. ಈಗ ಎದ್ದುಹೋಗಿರುವ ಬೀದಿಗಳ, ವಠಾರಗಳ ಹೆಸರೂ ಇತ್ತು. ನಮ್ಮೂರಿನ ಚರಿತ್ರೆಯನ್ನು ಇಷ್ಟು ಒಟ್ಟಿಗೆ ನಾನು ಇನ್ನೆಲ್ಲೂ ಕಂಡಿಲ್ಲ.

ಅಜ್ಜಿಯ ಹೆಸರೂ ಸಿಕ್ಕಿತು. ಈಗ ಅದು ನನ್ನ ಮೊಮ್ಮಗಳ ಹೆಸರು.

ಆ ಕಾರ್ಡಿನಲ್ಲೇ ಇನ್ನೊಂದನ್ನೂ ನೋಡಿದೆ. ದುಃಖತಪ್ತರು ಎಂಬ ತಲೆಬರಹದ ಕೆಳಗೆ ಮೂವರು ಅಣ್ಣಂದಿರು, ಅವರ ಹುದ್ದೆ, ಸೊಸೆಯಂದಿರು, ಮೊಮ್ಮಕ್ಕಳು. ಕೊನೆಯ ತಿಂಗಳು ಅಮ್ಮನ ಮಲ ಮೂತ್ರ ಬಳಿದ ನಾವಿಬ್ಬರು ಹೆಣ್ಣುಮಕ್ಕಳು "ಮತ್ತು ಬಂಧುಮಿತ್ರರು" ಎಂಬುದರೊಳಗೆ ಸೇರಿಹೋಗಿದ್ದೆವು. ಮುಂದೆ ಜಮೀನಿನ ಖಾತೆ ಬದಲಾವಣೆಗೆ ದೊಡ್ಡಣ್ಣ ಬರೆಸಿದ ವಂಶವೃಕ್ಷದಲ್ಲೂ ನಾವಿರಲಿಲ್ಲ. ಕೇಳಿದ್ದಕ್ಕೆ, "ಕಾರ್ಡಿಗೆ ಕೊಟ್ಟ ಪಟ್ಟಿನೇ ಕೊಟ್ಟೆ ಕಣೇ, ಬೇಕೂಂತ ಬಿಡಲಿಲ್ಲ" ಎಂದ. ನಿಜವೇ ಇರಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರಲ್ಲಿ ಕಾನೂನು ತಿದ್ದಿದರೂ ಪ್ರೆಸ್ಸಿನ ಮಾದರಿ ಪುಸ್ತಕವನ್ನು ಯಾರೂ ತಿದ್ದಲಿಲ್ಲ.

ಕಾರ್ಡು ಇಟ್ಟುಕೊಳ್ಳಿ ಎಂದರೆ ಮೊದಲು ಬರುವ ಮಾತು, ಅಮಂಗಳ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರಲ್ಲಿ ಕಾಳಿ ಎಂಬ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತದ್ದನ್ನು ಕಲ್ಲಿನಲ್ಲಿ ಕೊರೆಸಿದರು. ಅದು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲೆಯ ಮಕ್ಕಳನ್ನು ಕರೆದೊಯ್ದು ತೋರಿಸಿದ್ದೇನೆ, ಯಾರೂ ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳಲಿಲ್ಲ. ಕೆರೆ ಏರಿಯ ಮೇಲೆ, ಗುಡಿಯ ಮುಂದೆ ವೀರಗಲ್ಲು ನಿಲ್ಲಿಸಿದವರು ನಮ್ಮವರೇ. ನಾಯಿಯ ಸಾವಿಗೆ ಸಿಕ್ಕ ಮರ್ಯಾದೆ ನಮ್ಮಮ್ಮನ ಸಾವಿಗೆ ಬೇಡವೇ? ಆ ಕಲ್ಲುಗಳಲ್ಲಿ ಹೆಂಗಸರಿಲ್ಲವೆಂದಲ್ಲ. ಗಂಡ ಸತ್ತನೆಂದು, ಹೆತ್ತವರು ಬೇಡಬೇಡವೆಂದರೂ ಬೆಂಕಿ ಹೊಕ್ಕ ದೇಕಬ್ಬೆ 1057ರ ಬೆಳತೂರು ಶಾಸನದಲ್ಲಿ ಇದ್ದಾಳೆ. ಸುಮ್ಮನೆ ಸಂಸಾರ ತೂಗಿಸಿ, ಮುಪ್ಪಾಗಿ ಸತ್ತವಳಿಗೆ ಯಾರು ಕಲ್ಲು ನೆಡಿಸಿದರು? ಅವಳ ಪಾಲಿಗೆ ಈ ಕಾರ್ಡೇ ಕಲ್ಲು. ಅದನ್ನೂ ಹರಿಯುತ್ತೇವೆ.

ಮರಣ ಪ್ರಮಾಣಪತ್ರ ಇದೆಯಲ್ಲ ಎನ್ನುವ ಬುದ್ಧಿವಂತರಿದ್ದಾರೆ. ಇರಲಿ. ಅದರಲ್ಲಿ ಮಕ್ಕಳಿಲ್ಲ, ಸೊಸೆಯರಿಲ್ಲ, ಬೀಗರಿಲ್ಲ. ಇನ್ನು ವಾಟ್ಸಾಪಿನಲ್ಲಿ ಬರುವ ಕಾರ್ಡಿನ ಪಾಡು ಹೇಳುವುದೇ ಬೇಡ. ಫೋನು ತುಂಬಿತೆಂದು ಅಳಿಸುವಾಗ ಮೊದಲು ಹೋಗುವುದೇ ಅದು. ನನ್ನ ಕ್ರಿಶ್ಚಿಯನ್ ಸಹೋದ್ಯೋಗಿಯೊಬ್ಬರು ಅಂತ್ಯಸಂಸ್ಕಾರದ ದಿನ ಚರ್ಚಿನಲ್ಲಿ ಹಂಚುವ ಹಾಳೆಗಳನ್ನು ಬೈಬಲಿನೊಳಗೆ ಇಟ್ಟುಕೊಂಡಿದ್ದಾರೆ. ಹುಟ್ಟಿದ ದಿನ, ಮದುವೆಯ ದಿನ ಎಲ್ಲ ಇದೆ. ಅವರ ಮನೆಗೆ ಯಾವ ಕೇಡೂ ಬಂದದ್ದು ಕಾಣೆ.

ಒಂದು ರಟ್ಟಿನ ಫೈಲು ಸಾಕು. ಸತ್ತವರು ನಿಮಗೆ ಏನಾಗಬೇಕು ಎಂದು ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ. ಪೇಪರಿನಿಂದ ಕತ್ತರಿಸಿದ್ದಾದರೆ ಪತ್ರಿಕೆಯ ಹೆಸರು, ತಾರೀಕು ಹಾಕಿ. ಲ್ಯಾಮಿನೇಷನ್ ಮಾಡಿಸುವ ಆಸೆ ಬೇಡ, ಆಮೇಲೆ ಬಿಡಿಸಲು ಬರುವುದಿಲ್ಲ.

ಹೋದ ವರ್ಷ ದೊಡ್ಡತ್ತಿಗೆ ತೀರಿಕೊಂಡರು. ಮಾದರಿ ಪುಸ್ತಕ ತೆಗೆಯಬೇಡಿರೆಂದು ಹೇಳಿ, ಪ್ರೆಸ್ಸಿನ ಬೆಂಚಿನ ಮೇಲೆ ಕೂತು ಮ್ಯಾಟರ್ ನಾನೇ ಬರೆದೆ. ಅತ್ತಿಗೆಯ ತವರು, ತಾಯಿ ತಂದೆ, ಇಬ್ಬರು ಹೆಣ್ಣುಮಕ್ಕಳ ಹೆಸರು ಹಾಕಿದೆ. "ಇಷ್ಟೆಲ್ಲ ಬೇಕಾ ಅತ್ತೆ? ಒಂದು ಸಾಲಿಗೆ ಜಾಸ್ತಿ ತಗೋತಾರೆ" ಎಂದ ಅಣ್ಣನ ಮಗ. ಆ ಸಾಲುಗಳ ದುಡ್ಡು ನಾನೇ ಕೊಟ್ಟೆ. ಇಪ್ಪತ್ತೈದು ಕಾರ್ಡು ಹೆಚ್ಚಿಗೆ ಹಾಕಿಸಿ, ಹರಿಯಕೂಡದೆಂದು ಹೇಳಿಯೇ ಕೈಗೆ ಕೊಟ್ಟೆ. ಒಂದು ನನ್ನ ಬೀರುವಿನಲ್ಲಿದೆ, ಅತ್ತಿಗೆಯ ಲಗ್ನಪತ್ರಿಕೆಯ ಪಕ್ಕದಲ್ಲೇ.